ಎರಡೂ ಅವರದೇ ಮಾತು

ಆಸ್ಪತ್ರೆಯ ಧ್ವನಿಮುದ್ರಣದಲ್ಲಿ ಮಾತು ಸ್ಪಷ್ಟವಾಗಿಯೇ ಇತ್ತು: ‘ಸಾಕ್ರಿ ಡಾಕ್ಟ್ರ, ತೆಗೀರಿ.’ ದನಿ ಫಕೀರೇಶನದು. ಅದರಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ. ಗದಗಿನ ಸುತ್ತಮುತ್ತ ಕಬಡ್ಡಿ ನೋಡಿದವರಿಗೆಲ್ಲ ಆ ದನಿ ಪರಿಚಿತ; ವರ್ಷಗಟ್ಟಲೆ ಮೈಕ್ ಹಿಡಿದು ಆಟಗಾರರ ಹೆಸರು ಕೂಗಿದ ದನಿ ಅದು. ಮಾತು ಕೇಳಿ ಡಾಕ್ಟರು ತಲೆಯಾಡಿಸಿದರು. ಹಾಸಿಗೆಯಲ್ಲಿದ್ದ ಅವನ ಅವ್ವ ಬಸಲಿಂಗವ್ವನಿಗೆ ಉಸಿರು ಕೊಡುತ್ತಿದ್ದ ಯಂತ್ರವನ್ನು ನಿಲ್ಲಿಸಿದರು. ತುಸು ಹೊತ್ತಿನಲ್ಲೇ ಆಕೆ ತೀರಿಕೊಂಡಳು. ತಾಯಿಯ ಮುಖ ನೋಡಲೆಂದು ಧಾರವಾಡದಿಂದ ಹೊರಟಿದ್ದ ಮಗಳು ಗಂಗಾಂಬಿಕಾ ಆಗಿನ್ನೂ ಅಣ್ಣಿಗೇರಿಯ ಹತ್ತಿರ ಬಸ್ಸಿನಲ್ಲಿದ್ದಳು.

ಇಲ್ಲೇ ಒಂದು ವಿಷಯ ಹೇಳಿಬಿಡಬೇಕು. ಫಕೀರೇಶನ ಗಂಟಲಲ್ಲಿ ದನಿಪೆಟ್ಟಿಗೆಯೇ ಇರಲಿಲ್ಲ. ಕ್ಯಾನ್ಸರ್ ಬಂದು ಅದನ್ನು ತೆಗೆದುಹಾಕಿ ಕೆಲವು ವರ್ಷಗಳಾಗಿದ್ದವು. ಅವನು ಮಾತಾಡುತ್ತಿದ್ದದ್ದು ಕೊರಳಿಗೆ ಅಂಟಿಸಿಕೊಂಡ ಎರಡು ಬೆರಳಗಲದ ಪಟ್ಟಿಯಿಂದ. ಜನ ಅದನ್ನು ಮಾತಿನ ಪಟ್ಟಿ ಎನ್ನುತ್ತಿದ್ದರು. ಅದರೊಳಗಿನ ಕೋಡ್ ಬರೆದವರಲ್ಲಿ ಮೊದಲ ಹೆಸರು ಅವನ ತಂಗಿ ಗಂಗಾಂಬಿಕಾಳದು.

ಮನುಷ್ಯ ಏನೋ ಹೇಳಬೇಕೆಂದುಕೊಂಡ ಕೂಡಲೇ ಅವನ ಕೊರಳಿನ ಸ್ನಾಯುಗಳು ಅದುರುತ್ತವೆ, ದನಿ ಹೊರಡಲಿ ಬಿಡಲಿ. ಪಟ್ಟಿ ಆ ಅದುರನ್ನು ಓದಿ ವಾಕ್ಯ ಮಾಡುತ್ತದೆ. ಒಳಗೆ ಎರಡು ಪ್ರೊಸೆಸರ್‌ಗಳು. ಒಂದರ ಕೆಲಸ ಬರೆಯುವುದು: ಕೊರಳು ಏನು ಹೇಳಹೊರಟಿದೆ ಎಂದು ತಿಳಿದು, ಆ ವಾಕ್ಯವನ್ನು ಮೆಮೊರಿಯ ಒಂದು ಜಾಗದಲ್ಲಿ ಇಡುತ್ತದೆ. ಇನ್ನೊಂದರ ಕೆಲಸ ಆಡುವುದು: ಅದೇ ಜಾಗದಿಂದ ವಾಕ್ಯ ಎತ್ತಿಕೊಂಡು, ರೋಗಿಯ ಹಳೆಯ ಧ್ವನಿಮುದ್ರಣಗಳಿಂದ ಕಟ್ಟಿದ ದನಿಯಲ್ಲಿ ನುಡಿಯುತ್ತದೆ. ಫಕೀರೇಶನ ದನಿಯನ್ನು ಕಬಡ್ಡಿ ಪಂದ್ಯಗಳ ವಿಡಿಯೊಗಳಿಂದ ಕಟ್ಟಿದ್ದರು. ಮೊದಲ ಸಲ ಪಟ್ಟಿ ಹಾಕಿಕೊಂಡು ಅವನು ಚಾ ಕೇಳಿದ ದಿನ ಬಸಲಿಂಗವ್ವ ಅಡುಗೆಮನೆಯಲ್ಲೇ ಕುಸಿದು ಕೂತು ಅತ್ತುಬಿಟ್ಟಿದ್ದಳು.

ಆ ಕಾಲಕ್ಕೆ ಸಹಿಗೆ ಬೆಲೆ ಹೋಗಿತ್ತು. ಯಾರ ಸಹಿಯನ್ನಾದರೂ ಯಂತ್ರಗಳು ಹಾಕುವಂತಾದ ಮೇಲೆ, ಸಾವು-ಬದುಕಿನ ನಿರ್ಧಾರಗಳಿಗೆಲ್ಲ ಇಬ್ಬರು ಡಾಕ್ಟರರ ಎದುರು ಬಾಯಿಬಿಟ್ಟು ಹೇಳಿದ ಮಾತನ್ನೇ ಕಾನೂನು ಒಪ್ಪಿಗೆ ಎಂದು ಹಿಡಿಯುತ್ತಿತ್ತು. ಪಟ್ಟಿಯ ಮಾತೂ ಬಾಯಿಮಾತೇ ಎಂದು ಹೋರಾಡಿ ಗೆದ್ದವರು ಪಟ್ಟಿ ಹಾಕುವ ರೋಗಿಗಳೇ. ಗಂಗಾಂಬಿಕಾ ಅವರ ಪರವಾಗಿ ಹೋಗಿ, ಕೊರಳು ಹೇಳದ ಒಂದಕ್ಷರವನ್ನೂ ಪಟ್ಟಿ ಹೇಳುವುದಿಲ್ಲ ಎಂದು ಎದೆ ತಟ್ಟಿ ಸಾಕ್ಷಿ ನುಡಿದು ಬಂದಿದ್ದಳು.

ಅವ್ವನ ಮಣ್ಣು ಮುಗಿಸಿ ಮನೆಗೆ ಬಂದ ಮೇಲೆ ಫಕೀರೇಶ ತಂಗಿಯನ್ನು ಪಕ್ಕಕ್ಕೆ ಕರೆದ. ಕೊರಳಲ್ಲಿ ಪಟ್ಟಿ ಇರಲಿಲ್ಲ. ಕಿತ್ತ ಜಾಗ ಕೆಂಪಗಾಗಿತ್ತು. ಮೊಬೈಲಿನಲ್ಲಿ ಟೈಪ್ ಮಾಡಿ ಅವಳ ಮುಂದೆ ಹಿಡಿದ. ‘ಗಂಗೂ, ನಾ ಹಂಗ ಅಂದಿಲ್ಲ. ತಂಗಿ ಬರೂತನಕ ತಡೀರಿ ಅಂತ ಹೇಳಾಕತ್ತಿದ್ದೆ.’

ಬಸ್ಸಿನಲ್ಲೇ ಸುದ್ದಿ ತಿಳಿದಾಗಿನಿಂದ ಗಂಗಾಂಬಿಕಾಳನ್ನು ಸುಟ್ಟದ್ದು ಒಂದೇ ಪ್ರಶ್ನೆ: ನಾನು ಬರುವವರೆಗೆ ತಡೆಯಲು ಇವನಿಗೇನು ಧಾಡಿಯಾಗಿತ್ತು? ಈಗ ಅದನ್ನು ಒಪ್ಪಿಕೊಳ್ಳುವ ಬದಲು ಪಟ್ಟಿಯ ಮೇಲೆ ಹಾಕುತ್ತಿದ್ದಾನೆ. ಅದೂ ನನ್ನ ಪಟ್ಟಿಯ ಮೇಲೆ, ನನ್ನ ಮುಂದೆ.

‘ಅಣ್ಣಾ, ಪಟ್ಟಿ ತನ್ನಷ್ಟಕ್ಕ ತಾನ ಮಾತಾಡೂದಿಲ್ಲ’ ಎಂದಳು. ‘ತಡಿಯಾಕ ಆಗಲಿಲ್ಲ ಅನ್ನು, ತಿಳ್ಕೋತೀನಿ. ಸುಳ್ಳು ಹೇಳಬ್ಯಾಡ.’

ಫಕೀರೇಶ ಮೊಬೈಲನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಮನೆಯ ಮುಂಭಾಗದಲ್ಲೇ ಇದ್ದ ತನ್ನ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಿ ಕೂತ.

ಅವ್ವನ ಹೆಸರಿನ ಶಿವಗಣಾರಾಧನೆ ಮುಗಿಯುವವರೆಗೂ ಅಣ್ಣ-ತಂಗಿ ಮುಖ ಕೊಟ್ಟು ಮಾತಾಡಲಿಲ್ಲ. ಬಂದ ನೆಂಟರು ಅದನ್ನು ದುಃಖ ಎಂದುಕೊಂಡರು. ಫಕೀರೇಶನ ಹೆಂಡತಿ ಶೈಲಾ ಮಾತ್ರ ಹಾಗಂದುಕೊಳ್ಳಲಿಲ್ಲ. ಗಂಗಾಂಬಿಕಾ ಊರಿಗೆ ಹೊರಡಲು ಬ್ಯಾಗ್ ತುಂಬುತ್ತಿದ್ದಾಗ ಬಂದು ಬಾಗಿಲು ಮುಂದೆ ಮಾಡಿ, ಆಸ್ಪತ್ರೆಯಲ್ಲಿ ತಾನು ಕಂಡದ್ದನ್ನು ಹೇಳಿದಳು. ಯಂತ್ರ ತೆಗೆಯೋಣವೇ ಎಂದು ಡಾಕ್ಟರು ಕೇಳಿದರು. ಪಟ್ಟಿ ಮಾತಾಡಿತು. ಆ ಮಾತು ಕಿವಿಗೆ ಬಿದ್ದದ್ದೇ ಫಕೀರೇಶ ಬೆಚ್ಚಿಬಿದ್ದ. ಬೇರೆ ಯಾರೋ ಮಾತಾಡಿದರೇನೋ ಎನ್ನುವಂತೆ ಹಿಂದೆ ತಿರುಗಿ ನೋಡಿದ. ಆಮೇಲೆ ಎರಡೂ ಕೈ ಬೀಸತೊಡಗಿದ, ಬಿಕ್ಕಿಬಿಕ್ಕಿ ಅಳತೊಡಗಿದ. ಅಳುವ ಕೊರಳನ್ನು ಪಟ್ಟಿ ಓದುವುದಿಲ್ಲ. ಬಿಕ್ಕುಗಳೆಲ್ಲ ಮಾತಾಗಿ ಹೊರಬರಬಾರದೆಂದು ಗಂಗಾಂಬಿಕಾಳ ತಂಡದವರೇ ಅದನ್ನು ಹಾಗೆ ಮಾಡಿದ್ದರು. ಪಟ್ಟಿ ಸುಮ್ಮನಿತ್ತು. ನರ್ಸುಗಳು ಅವನನ್ನು ಹಿಡಿದು ಸಮಾಧಾನ ಮಾಡಿದರು.

‘ಅವರು ಬ್ಯಾಡ ಬ್ಯಾಡ ಅನ್ನಾಕತ್ತಿದ್ರು, ಗಂಗಾ’ ಎಂದಳು ಶೈಲಾ. ‘ಆ ಬೀಸೂ ಕೈ ಗಟ್ಟಿ ಹಿಡಕೊಂಡಾಕಿ ನಾನ.’

ನಟಿಸುವವನು ತನ್ನ ಮಾತು ಕೇಳಿ ತಾನೇ ಹಿಂದೆ ತಿರುಗಿ ನೋಡುವುದಿಲ್ಲ. ಗಂಗಾಂಬಿಕಾ ಶೈಲಾ ವೈನಿಯನ್ನು ಪಟ್ಟಿ ಎಲ್ಲಿದೆ ಎಂದು ಕೇಳಿದಳು. ಫಕೀರೇಶ ಅದನ್ನು ಪ್ರೆಸ್ಸಿನ ರದ್ದಿ ಕಾಗದದ ರಾಶಿಗೆ ಎಸೆದಿದ್ದ. ಶೈಲಾ ಹುಡುಕಿ ಎತ್ತಿಟ್ಟಿದ್ದಳು. ಕೊರಳಿನ ಇತ್ತೀಚಿನ ಅದುರುಗಳೆಲ್ಲ ಪಟ್ಟಿಯ ಒಳಗೆ ಕೆಲವು ವಾರ ಉಳಿದಿರುತ್ತವೆ. ಗಂಗಾಂಬಿಕಾ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಧಾರವಾಡದ ಬಸ್ಸು ಹತ್ತಿದಳು.

ಈಗ ಪಟ್ಟಿ ತಯಾರಾಗುತ್ತಿದ್ದ ಧಾರವಾಡದ ಪ್ರಯೋಗಾಲಯದ ಒಂದು ಪದ್ಧತಿಯ ಬಗ್ಗೆ ಹೇಳಬೇಕು, ಯಾಕೆಂದರೆ ಅನಾಹುತವೆಲ್ಲ ಅಲ್ಲೇ ಇತ್ತು. ಯಂತ್ರದ ಎಲ್ಲ ಕೆಲಸಗಳ ಮೇಲೆ ಯಜಮಾನಿಕೆ ಮಾಡುವ ಒಳಗಿನ ಕೋಡಿಗೆ ಕರ್ನೆಲ್ ಎನ್ನುತ್ತಾರೆ. ಅಲ್ಲಿ ಒಂದು ಪ್ರೊಸೆಸರ್ ಒಂದು ಜಾಗದಲ್ಲಿ ಬರೆಯುತ್ತಿರುವಾಗಲೇ ಇನ್ನೊಂದು ಬಂದು ಅದನ್ನು ಓದಿದರೆ, ಅದು ಡೇಟಾ ರೇಸ್. ತಪ್ಪಿಸಬೇಕೆಂದರೆ ಬೀಗ ಹಾಕಬೇಕು. ಒಂದು ಒಳಗಿದ್ದಾಗ ಇನ್ನೊಂದು ಹೊರಗೆ ಕಾಯಬೇಕು. ಕಾದರೆ ತಡವಾಗುತ್ತದೆ. ಬೀಗವಿದ್ದ ಮೊದಲ ಪಟ್ಟಿಗಳಲ್ಲಿ ಪ್ರತಿ ವಾಕ್ಯಕ್ಕೂ ಮುಂಚೆ ಒಂದು ಗ್ಯಾಪ್ ಬೀಳುತ್ತಿತ್ತು. ಫೋನಿನಲ್ಲಂತೂ ಆ ಕಡೆಯವರು ‘ಹಲೋ, ಹಲೋ’ ಎಂದು ಕೇಳಿ ಕೇಳಿ ಇಟ್ಟೇಬಿಡುತ್ತಿದ್ದರು. ಅಂಗಡಿಯಲ್ಲಿ ರೋಗಿ ‘ಅರ್ಧ ಕೇಜಿ ಸಕ್ಕರಿ’ ಎನ್ನುವಷ್ಟರಲ್ಲಿ ಅವನ ಹಿಂದಿದ್ದವನು ಸಾಮಾನು ಕಟ್ಟಿಸಿಕೊಂಡು ಹೋಗಿರುತ್ತಿದ್ದ.

ಎಲ್ಲ ರೇಸ್‌ಗಳೂ ಅಪಾಯದವಲ್ಲ. ಬ್ಯಾಟರಿ ಎಷ್ಟಿದೆ ಎನ್ನುವ ಅಂಕಿ ಒಂದು ಕ್ಷಣ ಹಳೆಯದಾದರೆ ಯಾರ ಮನೆಯೂ ಮುಳುಗುವುದಿಲ್ಲ. ಇಂಥವನ್ನು ಹುಡುಕುವ ಒಂದು ಪತ್ತೆ ಸಾಧನವನ್ನು ತಂಡದ ಮುಬೀನಾ ಸವಣೂರ ಕಟ್ಟಿದ್ದಳು. ಅದರ ಹೆಸರು ಕಾವಲು. ಕಾವಲು ವಾರವಾರವೂ ರಾಶಿ ರಾಶಿ ರೇಸ್‌ಗಳನ್ನು ತಂದು ಸುರಿಯುತ್ತಿತ್ತು. ಶುಕ್ರವಾರ ಮಧ್ಯಾಹ್ನ ಎಲ್ಲರೂ ಗಿರ್ಮಿಟ್, ಮಿರ್ಚಿ ಭಜಿ ತರಿಸಿಕೊಂಡು ಕೂತು ಅವನ್ನು ಒಂದೊಂದಾಗಿ ವಿಲೇವಾರಿ ಮಾಡುತ್ತಿದ್ದರು. ಅಪಾಯವಿಲ್ಲ ಎನಿಸಿದ್ದರ ಪಕ್ಕದಲ್ಲಿ ‘ನಿರಪಾಯ’ ಎಂದು ಬರೆದು, ಒಂದು ಸಾಲಿನ ಕಾರಣ ಕೊಟ್ಟು, ಹೆಸರು ಹಾಕಬೇಕು. ಯಾರು ಹೆಚ್ಚು ನಿರಪಾಯ ಬರೆದರೋ ಅವರಿಗೆ ತಟ್ಟೆಯಲ್ಲಿ ಉಳಿದ ಕೊನೆಯ ಮಿರ್ಚಿ ಭಜಿ. ಅದು ಆ ಕೋಣೆಯ ತಮಾಷೆ. ಒಮ್ಮೆ ನಿರಪಾಯ ಎಂದು ಬರೆದ ಜಾಗವನ್ನು ಕಾವಲು ಮತ್ತೆ ತಿರುಗಿಯೂ ನೋಡುತ್ತಿರಲಿಲ್ಲ. ಹಾಗೆಂದೇ ಅದನ್ನು ಕಟ್ಟಿದ್ದು.

ವಾಕ್ಯ ಇಡುವ ಜಾಗದ ಬೀಗವನ್ನು ತೆಗೆಸಿದವಳು ಗಂಗಾಂಬಿಕಾ. ಅಲ್ಲಿ ಅವಳು ಬರೆದ ಕಾರಣ ಹೀಗಿತ್ತು: ‘ಓದುವಾಗ ಹಳೆಯ ವಾಕ್ಯ ಸಿಗಬಹುದು, ಇಲ್ಲವೇ ಹೊಸದು ಸಿಗಬಹುದು. ಎರಡೂ ಅವರದೇ ಮಾತು. ನಿರಪಾಯ.’ ಬೀಗವಿಲ್ಲದಿದ್ದರೂ ಚಿಂತೆಯಿಲ್ಲ, ಪ್ರತಿ ಸಲವೂ ಹೊಸದಾಗಿ ಓದು ಎಂದು ಅಪ್ಪಣೆಯನ್ನಾದರೂ ಬರೆ ಎಂದು ಮುಬೀನಾ ಹೇಳಿದ್ದಳು. ಹೇಗೂ ಓದುತ್ತಿದೆಯಲ್ಲ, ಸುಮ್ಮನೆ ಯಾಕೆ ಎಂದು ಗಂಗಾಂಬಿಕಾ ನಕ್ಕಿದ್ದಳು. ಆಗ ನಿಜಕ್ಕೂ ಹಾಗೇ ಓದುತ್ತಿತ್ತು. ಬೀಗ ಹೋದ ಮೇಲೆ ಮಾತು ನೀರು ಹರಿದಂತೆ ಹರಿಯಿತು. ಜನ ಜಗಳವಾಡಿದರು, ಚೌಕಾಶಿ ಮಾಡಿದರು, ಮೊಮ್ಮಕ್ಕಳನ್ನು ಗದರಿಸಿದರು. ಫಕೀರೇಶ ಮತ್ತೆ ಕಬಡ್ಡಿ ಮೈದಾನಕ್ಕೆ ಹೋಗಿ ಮೈಕ್ ಹಿಡಿದ.

ಗಂಗಾಂಬಿಕಾ ಪಟ್ಟಿಯನ್ನು ಮೇಜಿನ ಮೇಲಿಟ್ಟು ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳಿದಳು. ಮುಬೀನಾ ಆ ಸಾಲಿನ ಮುಂದಿದ್ದ ‘ನಿರಪಾಯ’ವನ್ನು ಅಳಿಸಿದಳು. ಈಗ ಕಾವಲು ಅಲ್ಲಿ ಕಣ್ಣು ಬಿಡಬಹುದಿತ್ತು. ಆಸ್ಪತ್ರೆಯ ಆ ಹೊತ್ತಿನ ಕೊರಳ ಅದುರುಗಳನ್ನು ಪಟ್ಟಿಯಿಂದ ತೆಗೆದು, ಅದೇ ಕರ್ನೆಲ್ಲಿಗೆ ಮತ್ತೆ ಉಣಿಸಿದಳು.

ಗಂಗಾಂಬಿಕಾ ಕಾಯುತ್ತಿದ್ದದ್ದು ಒಡೆದ ವಾಕ್ಯಕ್ಕಾಗಿ. ಅರ್ಧ ಹಳೆಯದು, ಅರ್ಧ ಹೊಸದು ಸೇರಿ, ಅಣ್ಣನ ತಲೆಯಲ್ಲಿ ಎಂದೂ ಇರದ ಮೂರನೆಯದೊಂದು ಹುಟ್ಟಿರಬಹುದು. ಹಾಗಾಗಿದ್ದರೆ ತಪ್ಪು ಪೂರ್ತಿ ತನ್ನದು. ಅಣ್ಣ ಅಂಥ ಮಾತನ್ನು ಅಂದುಕೊಂಡೇ ಇರಲಿಲ್ಲ. ಹಾಗೇ ಆಗಿರಲಿ ಎಂದು ಅವಳು ಬೇಡಿಕೊಂಡಳು. ತನ್ನ ಕೆಲಸ ಹೋದರೆ ಹೋಗಲಿ, ಮಾನ ಹೋದರೆ ಹೋಗಲಿ.

ವಾಕ್ಯ ಒಡೆದಿರಲಿಲ್ಲ.

ಪರದೆಯ ಮೇಲೆ ಎರಡು ವಾಕ್ಯಗಳು ಇಡಿಯಾಗಿ ಕಂಡವು. ಡಾಕ್ಟರು ಕೇಳಿದ ಕೂಡಲೇ ಫಕೀರೇಶನ ಕೊರಳು ಅದುರಿ ಮೊದಲನೆಯದು ಹುಟ್ಟಿತ್ತು: ‘ಸಾಕ್ರಿ ಡಾಕ್ಟ್ರ, ತೆಗೀರಿ.’ ರೆಪ್ಪೆ ಬಡಿಯುವಷ್ಟರಲ್ಲಿ ಕೊರಳು ಬಿಗಿದುಕೊಂಡಿತ್ತು. ಬರೆಯುವ ಪ್ರೊಸೆಸರ್ ಅದನ್ನು ಒರೆಸಿ, ಅದೇ ಜಾಗದಲ್ಲಿ ಎರಡನೆಯದನ್ನು ಇಟ್ಟಿತ್ತು: ‘ತಡೀರಿ, ತಂಗಿ ಬರಲಿ.’ ಆಮೇಲೆ ಕೊರಳು ನೆಲೆಗೊಂಡಿತ್ತು. ಅಂದರೆ ಅವನು ಹೇಳಬೇಕೆಂದು ಗಟ್ಟಿ ಮಾಡಿಕೊಂಡದ್ದು ಎರಡನೆಯದು. ಪಟ್ಟಿ ಆಡಿದ್ದು ಮೊದಲನೆಯದು.

ಹೊಸದು ಬಂದು ಕೂತಿದ್ದರೂ ಹಳೆಯದನ್ನೇ ಯಾಕೆ ಆಡಿತು ಎಂದು ಗಂಗಾಂಬಿಕಾ ಕೇಳಿದಳು. ದನಿ ತನ್ನದೇ ಅನಿಸಲಿಲ್ಲ.

ಮುಬೀನಾ ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರನ್ನು ತೋರಿಸಿದಳು. ಕೆಲವು ತಿಂಗಳ ಹಿಂದಿನ ಅಪ್‌ಡೇಟಿನಲ್ಲಿ ಹಳೆಯ ಕಂಪೈಲರ್ ಬದಲಾಗಿತ್ತು. ಹೊಸದು ಜಾಣ. ಇಲ್ಲಿ ಬೀಗವಿಲ್ಲ, ಮತ್ತೆ ಓದು ಎನ್ನುವ ಅಪ್ಪಣೆಯೂ ಇಲ್ಲ, ಅಂದಮೇಲೆ ಈ ಜಾಗವನ್ನು ಬೇರೆ ಯಾರೂ ಮುಟ್ಟುವುದಿಲ್ಲ ಎಂದು ಅದು ತೀರ್ಮಾನಿಸಿತ್ತು. ಮುಟ್ಟದ ಮೇಲೆ ಎರಡೆರಡು ಸಲ ಓದುವುದು ದಂಡ. ಹಾಗಾಗಿ ಆಡುವ ಪ್ರೊಸೆಸರ್ ಮೊದಲೇ ಒಮ್ಮೆ ವಾಕ್ಯ ಎತ್ತಿಕೊಂಡು, ಕೊರಳು ನೆಲೆಗೊಳ್ಳುವವರೆಗೆ ನಿಯತ್ತಾಗಿ ಕಾದು, ಕೈಯಲ್ಲಿ ಹಿಡಿದದ್ದನ್ನೇ ಆಡಿಬಿಟ್ಟಿತ್ತು. ಆಡುವ ಮುಂಚೆ ತಿರುಗಿ ನೋಡಲಿಲ್ಲ.

‘ನೀ ಬರೆದಿದ್ದು ತಪ್ಪಲ್ಲ, ಗಂಗಾ’ ಎಂದಳು ಮುಬೀನಾ. ‘ಎರಡೂ ಅವರದ ಮಾತು. ಆದರ ಒಂದನ್ನ ಅವರು ನುಂಗಿದ್ರು.’

ಗಂಗಾಂಬಿಕಾ ಆ ಎರಡು ವಾಕ್ಯಗಳನ್ನು ಮತ್ತೆ ಓದಿದಳು. ದಿನಕ್ಕೆ ಎಷ್ಟು ಮಾತು ನುಂಗುತ್ತೇವೆ ನಾವು. ಮಕ್ಕಳ ಮೇಲೆ, ಗಂಡನ ಮೇಲೆ, ಮೇಲಧಿಕಾರಿಯ ಮೇಲೆ, ತುಟಿಯವರೆಗೆ ಬಂದದ್ದನ್ನು ಒಳಗೆಳೆದುಕೊಂಡು ಬೇರೇನೋ ಆಡುತ್ತೇವೆ. ಸಂಸಾರಗಳು ನಿಂತಿರುವುದೇ ಅದರ ಮೇಲೆ. ಮಾಂಸದ ಗಂಟಲಿಗೆ ಅದು ಹುಟ್ಟಿನಿಂದ ಬಂದ ವಿದ್ಯೆ. ಪಟ್ಟಿಗೆ ಅದನ್ನು ಕಲಿಸಬೇಕೆಂದು ಅಷ್ಟು ಓದಿದ ತಮಗೆ ಯಾರಿಗೂ ಹೊಳೆದಿರಲಿಲ್ಲ. ಬರೆಯುವ ಪ್ರೊಸೆಸರ್ ಅದನ್ನು ತಾನಾಗಿಯೇ ಕಲಿತಿತ್ತು. ಆಡುವ ಪ್ರೊಸೆಸರ್‌ಗೆ ಅದು ತಿಳಿದಿರಲಿಲ್ಲ.

ಆಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ಅಪ್‌ಡೇಟ್ ಹೋದದ್ದು ಅಣ್ಣನ ಪಟ್ಟಿಗೊಂದೇ ಅಲ್ಲ.

ದೂರು ವಿಭಾಗದಲ್ಲಿ ವಿಚಾರಿಸಿದರೆ ಪಟ್ಟಿಯ ಮೇಲೆ ಅಂಥ ದೂರೇನೂ ಇಲ್ಲ ಎಂದರು. ಒಂದಿಷ್ಟು ಜನ ಫೋನ್ ಮಾಡಿದ್ದರು, ಅವನ್ನೆಲ್ಲ ಬಾಯಿತಪ್ಪು ಎಂದು ಬದಿಗಿಟ್ಟಿದ್ದೆವು ಎಂದರು. ಗಂಗಾಂಬಿಕಾ, ಮುಬೀನಾ ಇಬ್ಬರೂ ಕೂತು ಆ ಜನರಿಗೆ ತಾವೇ ಫೋನ್ ಹಚ್ಚಿದರು. ಇಳಕಲ್ಲಿನ ಒಬ್ಬಾಕೆ ಸೊಸೆಗೆ, ನೀನು ಕಾಲಿಟ್ಟ ಮೇಲೆ ಮನೆ ಹಾಳಾಯಿತು ಎಂದಿದ್ದಳು. ತವರಿಗೆ ಹೋದ ಸೊಸೆ ತಿರುಗಿ ಬಂದಿರಲಿಲ್ಲ. ಸಿಂದಗಿಯ ಒಬ್ಬ ಮಾಸ್ತರು ತುಂಬಿದ ಸಭೆಯಲ್ಲಿ ಹೆಡ್‌ಮಾಸ್ತರನ್ನು ಕಳ್ಳ ಎಂದು ಕರೆದು ಅಮಾನತಾಗಿದ್ದರು. ಒಬ್ಬ ಮುದುಕ ಹೆಂಡತಿಗೆ ಏನು ಹೇಳಿದೆನೆಂದು ಬಾಯಿ ಬಿಡಲಿಲ್ಲ. ಪಟ್ಟಿಯಲ್ಲಿ ಬರೀ ಅಳುವಿನ ಮೌನ ಕೇಳಿಸಿತು. ತಪ್ಪು ನಿಮ್ಮದಲ್ಲ, ಯಂತ್ರದ್ದು ಎಂದು ಹೇಳಿದರೆ ಯಾರೂ ನಂಬಲಿಲ್ಲ. ಹೇಗೆ ನಂಬಿಯಾರು? ಆ ಮಾತು ತಮ್ಮದೇ ಎಂದು ಅವರಿಗೆ ಗೊತ್ತಿತ್ತು.

‘ಮಷಿನ್ ಏನ್ ಮಾಡೀತ್ರಿ’ ಎಂದಳು ಇಳಕಲ್ಲಿನಾಕೆ. ‘ನನ್ನ ಹೊಟ್ಟ್ಯಾಗ ಇತ್ತು, ಬಂತು.’

ಗಂಗಾಂಬಿಕಾ ನಿರ್ದೇಶಕರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಬೆವರೊರೆಸಿಕೊಂಡು, ಸದ್ದಿಲ್ಲದೆ ಸರಿಪಡಿಸಿ ಕಳಿಸೋಣ, ಹೇಳಿ ಊರೆಲ್ಲ ಗಾಬರಿ ಮಾಡುವುದು ಬೇಡ ಎಂದರು. ಸದ್ದಿಲ್ಲದೆ ಮಾಡಿದರೆ ಆ ಸೊಸೆ ಯಾವತ್ತಿಗೂ ತಿರುಗಿ ಬರುವುದಿಲ್ಲ ಎಂದು ಅವಳು ಹಟ ಹಿಡಿದಳು. ಕೊನೆಗೆ ಪಟ್ಟಿ ಹಾಕುವ ಪ್ರತಿಯೊಬ್ಬರಿಗೂ ಸುದ್ದಿ ಹೋಯಿತು: ಇಷ್ಟು ತಿಂಗಳು ನಿಮ್ಮ ಪಟ್ಟಿ ನೀವು ನುಂಗಿದ ಮಾತುಗಳನ್ನೂ ಆಡಿರಬಹುದು. ಮತ್ತೆ ಓದು ಎನ್ನುವ ಬರೀ ಅಪ್ಪಣೆಯನ್ನು ನಂಬಲು ಈಗ ಯಾರೂ ತಯಾರಿರಲಿಲ್ಲ; ಬೀಗವೇ ಮತ್ತೆ ಬಂತು. ಅದರ ಜೊತೆಗೇ ಆ ಹಳ್ಳದಂಥ ಗ್ಯಾಪೂ ಬಂತು. ಫೋನುಗಳು ಮತ್ತೆ ‘ಹಲೋ, ಹಲೋ’ ಎಂದವು. ಜನ ಬೈದರು. ಪಟ್ಟಿಯ ಮಾತಿಗಿದ್ದ ಕಾನೂನಿನ ಮಾನ್ಯತೆಯನ್ನು ಸರ್ಕಾರ ತಡೆಹಿಡಿಯಿತು. ಅದಕ್ಕಾಗಿ ಹೋರಾಡಿದವರು ಗಂಗಾಂಬಿಕಾಳ ಫೋನ್ ಎತ್ತುವುದನ್ನೇ ಬಿಟ್ಟರು.

ಇದನ್ನೆಲ್ಲ ಅವಳು ತಡೆದುಕೊಂಡಳು. ತಡೆದುಕೊಳ್ಳಲಾರದ ಒಂದು ಕೆಲಸ ಬಾಕಿ ಇತ್ತು. ಸರಿಪಡಿಸಿದ ಪಟ್ಟಿಯನ್ನು ಹಿಡಿದು ಗದಗಿಗೆ ಹೊರಟಳು.

ಪ್ರೆಸ್ಸಿನಲ್ಲಿ ಫಕೀರೇಶ ಯಾರದೋ ಮದುವೆಯ ಆಮಂತ್ರಣ ಪತ್ರಿಕೆಗಳನ್ನು ಮಡಚುತ್ತಿದ್ದ. ಮೈ ಇಳಿದುಹೋಗಿತ್ತು. ತಂಗಿಯನ್ನು ಕಂಡು ಸ್ಟೂಲ್ ತೋರಿಸಿದ. ಅವಳು ಕೂರಲಿಲ್ಲ. ನಿಂತೇ ಹೇಳಿದಳು: ಸುಳ್ಳು ಹೇಳುತ್ತೀ ಎಂದದ್ದು ತನ್ನ ತಪ್ಪು. ಅವನು ತಡೀರಿ ಎಂದೇ ಹೇಳಹೊರಟಿದ್ದ, ಅದು ಪಟ್ಟಿಯೊಳಗೆ ಇದೆ, ಕಣ್ಣಾರೆ ನೋಡಿದ್ದೇನೆ. ಬೀಗ ತೆಗೆದವಳು ತಾನು. ಮುಬೀನಾ ಹೇಳಿದರೂ ಕೇಳಲಿಲ್ಲ. ಅವ್ವನನ್ನು ಕಳಿಸಿದ್ದು ಅವನಲ್ಲ.

ಫಕೀರೇಶನ ಮುಖದಲ್ಲಿ ಸಮಾಧಾನ ಮೂಡುತ್ತದೆ ಎಂದು ಅವಳು ಕಾದಳು. ಮೂಡಲಿಲ್ಲ. ಅವನು ಕೈಯಲ್ಲಿದ್ದ ಪತ್ರಿಕೆಯನ್ನು ಕೆಳಗಿಟ್ಟ. ಮೊಬೈಲ್ ತೆಗೆದು ನಿಧಾನವಾಗಿ ಟೈಪ್ ಮಾಡಿದ. ‘ಅಂದ್ರ ಮೊದಲಿಂದೂ ನೋಡಿದಿ.’

ನೋಡಿದ್ದಳು. ತಾನು ತಂದದ್ದು ಏನೆಂದು ಗಂಗಾಂಬಿಕಾಳಿಗೆ ಆಗ ಅರ್ಥವಾಯಿತು. ಅಣ್ಣ ಇಷ್ಟು ದಿನ ತಾನು ಅಂದಿಲ್ಲ ಎಂದು ಹೇಳಿದ್ದನೇ ಹೊರತು ಅಂದುಕೊಂಡಿಲ್ಲ ಎಂದು ಹೇಳಿರಲಿಲ್ಲ. ಆ ಒಂದು ಕ್ಷಣ ಅವನೊಬ್ಬನದೇ ಆಗಿತ್ತು. ಅವಳು ಅದನ್ನು ಯಂತ್ರಕ್ಕೆ ಹಾಕಿ, ಪರದೆಯ ಮೇಲೆ ಬಿಡಿಸಿ, ಇನ್ನೊಬ್ಬರ ಜೊತೆ ಕೂತು ಓದಿದ್ದಳು. ಅವಳಿಗೆ ಅಲ್ಲೇ ನೆಲ ಬಾಯ್ಬಿಡಬಾರದೇ ಎನಿಸಿತು.

‘ಅಣ್ಣಾ, ಹಂಗ ಎಲ್ಲಾರಿಗೂ ಅನಸ್ತೈತಿ’ ಎಂದಳು. ‘ಹಿಂದಿನ ದಿನ ವಿಡಿಯೊ ಕಾಲ್‌ನ್ಯಾಗ ಅವ್ವನ ಆ ಕೈ ಬಾತಿದ್ದು ನೋಡಿ ನನಗೂ ಅನಿಸಿತ್ತು.’

ಅವನು ಅವಳ ಕೈಯಿಂದ ಪಟ್ಟಿ ತೆಗೆದುಕೊಂಡ. ಅದರ ಹಿಂದಿನ ಕಾಗದ ಸುಲಿದು, ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡು, ಕೊರಳಿಗೆ ಒತ್ತಿ ಅಂಟಿಸಿದ. ತಿರುಗಿ ಅವಳ ಎದುರು ನಿಂತ. ಕೊರಳು ಅದುರಿತು. ಬೀಗ ಬಿತ್ತು. ಪಟ್ಟಿ ಕಾಯತೊಡಗಿತು.

ಆ ತಡ ಅಷ್ಟು ಉದ್ದವಿದೆಯೆಂದು ಅದನ್ನು ಕಟ್ಟಿದವಳಿಗೂ ಗೊತ್ತಿರಲಿಲ್ಲ. ಬೇಡವೆನಿಸಿದರೆ ನುಂಗಲು ಅವನಿಗೆ ಬೇಕಾದಷ್ಟು ಸಮಯವಿತ್ತು. ಅವನು ನುಂಗಲಿಲ್ಲ. ಕೊರಳು ನೆಲೆಗೊಂಡಿತು. ಬೀಗ ತೆರೆಯಿತು. ಕಬಡ್ಡಿ ಮೈದಾನದ ಆ ದನಿ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಆಡಿದ ಅದೇ ದನಿ, ಕೇಳಿತು:

‘ಅವ್ವಗ ಅದು ಕೇಳಿಸಿತ್ತೇನು?’

ಗೊತ್ತಿಲ್ಲದಿದ್ದರೂ ಇಲ್ಲ ಎಂದುಬಿಡಬೇಕೆಂದು ಗಂಗಾಂಬಿಕಾ ಬಾಯಿ ತೆರೆದಳು. ಗಂಟಲವರೆಗೆ ಬಂದ ಮಾತು ಅಲ್ಲೇ ನಿಂತಿತು. ಫಕೀರೇಶ ಅವಳ ಕೊರಳನ್ನೇ ನೋಡುತ್ತಿದ್ದ.